ಸ್ವರ ಎಣಿಸುವ ವಿನಯ

ಚರ್ಚಿನಲ್ಲಿ ಗಿಟಾರ್ ಹಿಡಿದ ಹುಡುಗನಿಗೆ ಹಿರಿಯರು ತಪ್ಪದೆ ಹೇಳುವ ಬುದ್ಧಿಮಾತೊಂದಿದೆ: ಕಡಿಮೆ ನುಡಿಸು, ಹೃದಯದಿಂದ ನುಡಿಸು, ನಿನ್ನನ್ನು ನೀನು ಮೆರೆಸಿಕೊಳ್ಳಬೇಡ. ಆಫ್ರಿಕನ್ ಅಮೆರಿಕನ್ನರ ಗಾಸ್ಪೆಲ್ ಚರ್ಚುಗಳಲ್ಲಾಗಲಿ, ಆ ಸಂಗೀತ ಹರಡಿದ ಬೇರೆ ಕಡೆಗಳಲ್ಲಾಗಲಿ, ಗಿಟಾರ್ ಸೋಲೋದ ಮಾತೆತ್ತಿದರೆ ಚರ್ಚೆ ಇಲ್ಲಿಗೇ ಬಂದು ನಿಲ್ಲುತ್ತದೆ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ, ಒಪ್ಪದಿದ್ದರೆ ಅಹಂಕಾರದ ಪರ ವಕಾಲತ್ತು ವಹಿಸಿದ ಹಾಗಾಗುತ್ತದಲ್ಲ! ಆ ಮಾತಿನ ಹಿಂದಿನ ಕಾಳಜಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದರೊಳಗೆ ಮೂರು ಬೇರೆಬೇರೆ ನಂಬಿಕೆಗಳು ಗಂಟುಬಿದ್ದಿವೆ. ಒಂದು, ಸ್ವರ ಕಡಿಮೆಯಾದಷ್ಟೂ ವಿನಯ ಹೆಚ್ಚು. ಎರಡು, ಮೊದಲೇ ಕಲಿತು ಸಿದ್ಧಪಡಿಸಿಕೊಂಡದ್ದು ಪ್ರದರ್ಶನ, ಆ ಗಳಿಗೆಗೆ ತಾನಾಗಿ ಬಂದದ್ದು ಭಕ್ತಿ. ಮೂರು, ಬ್ಲೂಸ್, ಜಾಝ್, ರಾಕ್‌ಗಳ ವಾಸನೆ ಬಂದರೆ ಅದು ಚರ್ಚಿಗೆ ಸಲ್ಲದು. ಮೂರೂ ಸೇರಿ ಒಂದೇ ಮಾತು ಎಂಬಂತೆ ಕೇಳಿಸುತ್ತವೆ. ಬಿಡಿಸಿ ನೋಡಿದರೆ ಒಂದಕ್ಕೊಂದು ಸಂಬಂಧ ಕಡಿಮೆ; ಒಂದೊಂದೂ ತನ್ನಷ್ಟಕ್ಕೆ ನಿಲ್ಲುವುದು ಇನ್ನೂ ಕಷ್ಟ.

ಮೊದಲು ಆ ಪಕ್ಷದ ವಾದವನ್ನು ಅದರ ಪೂರ್ತಿ ಬಲದಲ್ಲೇ ಮುಂದಿಟ್ಟುಕೊಳ್ಳೋಣ. ಇದು ಇತ್ತೀಚಿನ ಸಂಕೋಚವಲ್ಲ. ನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ಬರೆದ ‘ಕನ್ಫೆಷನ್ಸ್’ನ ಹತ್ತನೆಯ ಭಾಗದಲ್ಲಿ ಸಂತ ಅಗಸ್ಟೀನ್ ತನ್ನನ್ನು ತಾನೇ ವಿಚಾರಣೆಗೆ ಒಡ್ಡಿಕೊಳ್ಳುತ್ತಾನೆ: ಹಾಡಿನ ಅರ್ಥಕ್ಕಿಂತ ಹಾಡುವ ಬಗೆಯೇ ನನ್ನ ಮನಸ್ಸನ್ನು ಸೆಳೆದರೆ ನಾನು ತಪ್ಪು ಮಾಡಿದಂತಲ್ಲವೇ ಎಂದು. ಅವನಿಗೂ ಹಿಂದೆ, ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಪೌಲನ ವಾದ ಇನ್ನೂ ಹರಿತವಾಗಿದೆ. ಅರ್ಥವಾಗದ ವಾಣಿಯಲ್ಲಿ ಮಾತಾಡುವುದರಿಂದ ಮಾತಾಡುವವನಿಗೆ ಲಾಭವಿದ್ದೀತು, ಸಭೆಗೆ ಏನು ಬಂತು ಎಂದು ಅವನು ಕೇಳುತ್ತಾನೆ; ಅದೇ ಉಸಿರಿನಲ್ಲಿ ಕೊಳಲು, ಕಿನ್ನರಿಗಳ ಉದಾಹರಣೆಯನ್ನೂ ಎತ್ತುತ್ತಾನೆ. ಗಿಟಾರ್ ಸೋಲೋಗೆ ಮಾತೇ ಇಲ್ಲ. ಮಾತಿಲ್ಲದ್ದು, ಒಬ್ಬನೇ ನುಡಿಸುವುದು, ಎಲ್ಲರ ಕಣ್ಣೂ ಅವನ ಕೈಮೇಲಿರುವುದು: ಈ ಮೂರೂ ಕೂಡಿದ ಕಡೆ ಆರಾಧನೆ ಕಛೇರಿಯಾಗುವ ಅಪಾಯ ನಿಜವಾಗಿಯೂ ಇದೆ. ಚರ್ಚಸ್ ಆಫ್ ಕ್ರೈಸ್ಟ್ ಪಂಗಡದ ಬಹುಪಾಲು ಸಭೆಗಳು ವಾದ್ಯಗಳನ್ನು ಹೊರಗೇ ಇಟ್ಟಿವೆ, ಬರಿಯ ಕಂಠದಲ್ಲಿ ಹಾಡುತ್ತವೆ. ಇದಕ್ಕೆ ಪ್ರತಿಯಾಗಿ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್‌ನಂಥ ಪೆಂಟೆಕೋಸ್ಟಲ್ ಪಂಗಡಗಳು ತಂತಿವಾದ್ಯ, ತಾಳ, ತಮಟೆಗಳನ್ನೆಲ್ಲ ಹೆಸರಿಸಿ ಕರೆಯುವ 150ನೆಯ ಕೀರ್ತನೆಯನ್ನು ಮುಂದಿಟ್ಟು ಬಾಗಿಲು ತೆರೆದವು. ನಾನು ಇಲ್ಲಿ ಮಾತಾಡುತ್ತಿರುವುದು ಬಾಗಿಲು ತೆರೆದವರ ಬಗ್ಗೆ. ವಾದ್ಯವೇ ಬೇಡ ಎನ್ನುವವರ ನಿಲುವಿನಲ್ಲಿ ಗೊಂದಲವಿಲ್ಲ. ಗಿಟಾರನ್ನು ಒಳಗೆ ಕರೆದು, ಕೂರಿಸಿ, ಆಮೇಲೆ ಅದು ಸದ್ದು ಮಾಡಿದ್ದಕ್ಕೆ ಹುಬ್ಬು ಗಂಟಿಕ್ಕುವವರ ನಿಲುವಿನಲ್ಲಿ ಇದೆ.

ಬುದ್ಧಿಮಾತಿನಲ್ಲಿ ಒಂದು ವ್ಯಾವಹಾರಿಕ ಸತ್ಯವೂ ಇದೆ, ಅದನ್ನು ಒಪ್ಪಿಬಿಡಬೇಕು. ಗಿಟಾರಿನ ಮಧ್ಯದ ತಂತಿಗಳ ನಾದ ಹಾಡುವವರ ಕಂಠದ ಎತ್ತರದಲ್ಲೇ ಬೀಳುತ್ತದೆ. ಗಾಸ್ಪೆಲ್ ಚರ್ಚಿನಲ್ಲಿ ಅದೇ ಎತ್ತರದಲ್ಲಿ ಆಗಲೇ ಹ್ಯಾಮಂಡ್ ಆರ್ಗನ್ ಇದೆ, ಪಿಯಾನೊದವರ ಬಲಗೈ ಇದೆ, ಕ್ವಾಯರಿನ ಮೂರು ಸಾಲು ಇದೆ. ಇಷ್ಟರ ಮೇಲೆ ಒಬ್ಬ ಹುಡುಗ ಹಾಡಿನ ಉದ್ದಕ್ಕೂ ಎಡೆಬಿಡದೆ ನುಡಿಸಿದರೆ ಪಲ್ಲವಿಯ ಮಾತೇ ಕೇಳಿಸದು. ಅವನಿಗೆ ‘ಕಡಿಮೆ ನುಡಿಸು’ ಎಂದರೆ ಆ ಭಾನುವಾರದ ಮಟ್ಟಿಗೆ ಕೆಲಸ ಆಗುತ್ತದೆ. ಆದರೆ ಅಲ್ಲಿ ಆದ ತಪ್ಪು ಇನ್ನೊಬ್ಬರ ಮಾತಿನ ಮೇಲೆ ಮಾತಾಡಿದ್ದು, ಹೆಚ್ಚು ಮಾತಾಡಿದ್ದಲ್ಲ. ಆ ತಪ್ಪನ್ನು ಸಂಖ್ಯೆಗೆ ಇಳಿಸಿ, ಸಂಖ್ಯೆಯನ್ನು ಗುಣವೆಂದು ಕರೆದಾಗ ದಾರಿ ತಪ್ಪುತ್ತದೆ.

ಮೊದಲ ನಂಬಿಕೆಯನ್ನೇ ನೋಡಿ. ಬ್ಲೈಂಡ್ ವಿಲ್ಲಿ ಜಾನ್ಸನ್ 1927ರ ಡಿಸೆಂಬರಿನಲ್ಲಿ ಡಲ್ಲಾಸ್‌ನಲ್ಲಿ ಧ್ವನಿಮುದ್ರಿಸಿದ ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’ ಕಡಿಮೆ ಸ್ವರದವರ ಅಚ್ಚುಮೆಚ್ಚಿನ ಸಾಕ್ಷಿ. ಸ್ಲೈಡ್ ತಂತಿಯ ಮೇಲೆ ಜಾರುತ್ತದೆ, ನಿಲ್ಲುತ್ತದೆ, ಹಿಂದೆಯೇ ಒಂದು ಹೂಂಕಾರ. ಪದ ಒಂದೂ ಇಲ್ಲ. ಸರಿ. ಈಗ ಸಿಸ್ಟರ್ ರೊಸೆಟ್ಟಾ ಥಾರ್ಪ್‌ಳನ್ನು ಪಕ್ಕಕ್ಕಿಡಿ. 1915ರಲ್ಲಿ ಅರ್ಕನ್ಸಾಸ್‌ನ ಕಾಟನ್ ಪ್ಲಾಂಟ್‌ನಲ್ಲಿ ಹುಟ್ಟಿ, ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್‌ನಲ್ಲಿ ಸುವಾರ್ತೆ ಸಾರುತ್ತಿದ್ದ ತಾಯಿಯ ಜೊತೆ ಊರೂರು ಸುತ್ತಿ ಬೆಳೆದವಳು. ಆಕೆಯ ಗಿಟಾರ್ ಪದ್ಯಗಳ ನಡುವೆ ಜಿಗಿಯುತ್ತದೆ, ತಂತಿ ಎಳೆಯುತ್ತದೆ, ತುಂಬಿ ಸುರಿಯುತ್ತದೆ. ಸಂಖ್ಯೆಯೇ ಅಳತೆಗೋಲಾದರೆ ಜಾನ್ಸನ್ ಭಕ್ತ, ಥಾರ್ಪ್ ಪ್ರದರ್ಶನಕಾರ್ತಿ ಎನ್ನಬೇಕಾಗುತ್ತದೆ. ಆ ತೀರ್ಪನ್ನು ಗಾಸ್ಪೆಲ್ ಕೇಳಿ ಬೆಳೆದ ಯಾರೂ ಒಪ್ಪಲಾರರು. ಇನ್ನೂ ಸ್ಪಷ್ಟವಾದ ಉದಾಹರಣೆ ಬೇಕಾದರೆ ಶೌಟ್ ಸಂಗೀತವನ್ನು ನೋಡಬೇಕು. ಪ್ರಸಂಗದ ತುದಿಯಲ್ಲೋ ಹಾಡಿನ ತುದಿಯಲ್ಲೋ ಜನ ಎದ್ದು ಕುಣಿಯತೊಡಗಿದಾಗ ಲಯ ಓಡುತ್ತದೆ, ಕಾರ್ಡು ಒಂದೆರಡಕ್ಕೆ ಇಳಿಯುತ್ತದೆ, ಡ್ರಮ್ಸ್ ಮತ್ತು ಬೇಸ್ ಒಂದೇ ಓಟದಲ್ಲಿರುತ್ತವೆ. ಅಲ್ಲಿ ಗಿಟಾರಿನವನು ಕ್ಷಿಪ್ರವಾಗಿ, ದಟ್ಟವಾಗಿ ನುಡಿಸಿದರೆ ಅವನು ಯಾರ ಗಮನಕ್ಕೂ ಬರುವುದಿಲ್ಲ. ಕುಣಿಯುವ ಕಾಲುಗಳಿಗೆ ಬೇಕಾದದ್ದು ಅದೇ. ಬದಲು ಅವನು ಕಣ್ಣು ಮುಚ್ಚಿ ಒಂದೇ ಸ್ವರವನ್ನು ಎಳೆದು ಹಿಡಿದ ಎನ್ನಿ: ಆಗ ಎಲ್ಲರೂ ತಿರುಗಿ ನೋಡುತ್ತಾರೆ. ಮಿತಭಾಷಿಯ ಠೀವಿ ಎಂಬುದೂ ಒಂದಿದೆ. ಅದನ್ನು ಪತ್ತೆ ಹಚ್ಚುವುದು ವೇಗದ ಠೀವಿಯನ್ನು ಪತ್ತೆ ಹಚ್ಚಿದಷ್ಟು ಸುಲಭವಲ್ಲ, ಅಷ್ಟೇ.

ಹಾಗಾದರೆ ಏನನ್ನು ಅಳೆಯಬೇಕು? ಗಾಸ್ಪೆಲ್ ಆರಾಧನೆಯಲ್ಲಿ ಯಾವ ಧ್ವನಿಯೂ ಒಂಟಿಯಾಗಿ ಬರುವುದಿಲ್ಲ. ಬೋಧಕ ಒಂದು ತುಣುಕು ಹೇಳುತ್ತಾನೆ, ಸಭೆ ಹೂಂಗುಡುತ್ತದೆ, ಆರ್ಗನ್ ಅದಕ್ಕೊಂದು ಕಾರ್ಡ್ ಸೇರಿಸುತ್ತದೆ, ಬೋಧಕ ಮುಂದಿನ ತುಣುಕನ್ನು ಅದೇ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾನೆ. ಹಾಡುಗಾರ್ತಿಗೂ ಕ್ವಾಯರಿಗೂ ನಡುವೆ ನಡೆಯುವುದೂ ಇದೇ. ಸೋಲೋ ಈ ಸರದಿಯಲ್ಲಿ ಒಂದು ಸರದಿ. ಅದರ ಗುಣವನ್ನು ನಿರ್ಣಯಿಸುವುದು ಅದು ಯಾವುದಕ್ಕೆ ಉತ್ತರವಾಗಿ ಬಂತು, ಮುಂದಿನವರಿಗೆ ಏನನ್ನು ಬಿಟ್ಟುಕೊಟ್ಟಿತು ಎಂಬ ಎರಡು ಸಂಗತಿಗಳು. ಇದು ಭಾವುಕ ಮಾತಲ್ಲ, ಕಿವಿಗೆ ಕೇಳುವ ಸಂಗತಿ ಎಂದು ತೋರಿಸಲು ಒಂದು ಸಂದರ್ಭವನ್ನು ಹತ್ತಿರದಿಂದ ನೋಡಬಹುದು. ಹಾಡಿನ ಕೊನೆಗೆ ಕ್ವಾಯರ್ ಒಂದು ಪುಟ್ಟ ಸಾಲನ್ನು ಹಿಡಿದು ತಿರುಗಿ ತಿರುಗಿ ಹಾಡುವ ಭಾಗವಿದೆಯಲ್ಲ, ಅದನ್ನು ವ್ಯಾಂಪ್ ಎನ್ನುತ್ತಾರೆ. ಶ್ರುತಿ ಎ ಫ್ಲಾಟ್ ಎಂದಿಟ್ಟುಕೊಳ್ಳಿ. ಕಂಠಕ್ಕೂ ಕೀಬೋರ್ಡಿಗೂ ಒಗ್ಗುವ ಇಂಥ ಫ್ಲಾಟ್ ಶ್ರುತಿಗಳೇ ಈ ಚರ್ಚುಗಳಲ್ಲಿ ಹೆಚ್ಚು. ಗಿಟಾರಿಗೆ ಇದು ಕಷ್ಟದ ಜಾಗ. ಇ, ಎ, ಡಿ, ಜಿ, ಬಿ, ಇ ಎಂಬ ಆರು ತೆರೆದ ತಂತಿಗಳಲ್ಲಿ ಎ ಫ್ಲಾಟ್ ಮೇಜರ್ ಸ್ಕೇಲಿಗೆ ಸೇರುವುದು ಜಿ ಒಂದೇ. ಬಿ ತಂತಿ ಬೇಕಾದರೆ ಬ್ಲೂಸ್‌ನ ಇಳಿದ ಗಾಂಧಾರವಾಗಿ ಒದಗೀತು. ಉಳಿದದ್ದೆಲ್ಲ ಬೆರಳೊತ್ತಿಯೇ ಬರಬೇಕು, ಆದ್ದರಿಂದ ನುಡಿಸುವವನು ಅಂಕೆಯಲ್ಲಿರುತ್ತಾನೆ, ಎರಡೆರಡು ತಂತಿಗಳನ್ನು ಜೋಡಿಯಾಗಿ ಹಿಡಿದು ಹಾಡಿನ ಸಾಲನ್ನೇ ಹಿಂಬಾಲಿಸುತ್ತಾನೆ. ಕಾವೇರಿದಂತೆ ಕ್ವಾಯರ್ ಅರ್ಧ ಸ್ವರ ಮೇಲೇರಿ ಎ ಶ್ರುತಿಗೆ ಬರುತ್ತದೆ. ತಟ್ಟನೆ ಲೆಕ್ಕ ತಿರುಗುಮುರುಗಾಗುತ್ತದೆ: ಒಳಗಿದ್ದ ಜಿ ಹೊರಹೋಗಿ ಉಳಿದ ಐದು ತಂತಿಗಳೂ ಒಳಗೆ ಬರುತ್ತವೆ. ತೆರೆದ ತಂತಿಗಳು ಮೊಳಗುತ್ತವೆ, ಕೈಗೆ ಎಲ್ಲವೂ ಸಲೀಸಾಗುತ್ತದೆ, ರಾಕ್ ಗಿಟಾರಿನ ಅಭ್ಯಾಸವೆಲ್ಲ ಬೆರಳಿಗೆ ನೆನಪಾಗುತ್ತದೆ. ಮೆರೆಯುವ ಆಸೆ ಬರುವುದು ಇಲ್ಲಿ. ಹಾಡುಗಾರ್ತಿ ಎಂಟು ಬಾರ್ ಬಿಟ್ಟುಕೊಟ್ಟಿದ್ದಾಳೆ ಎಂದಾದರೆ, ಬಲ್ಲವನು ಮೊದಲೆರಡರಲ್ಲಿ ಅವಳು ಕೊನೆಗೆ ಹಾಡಿದ ತುಣುಕನ್ನೇ ಮರಳಿಸುತ್ತಾನೆ. ನಡುವಿನ ನಾಲ್ಕರಲ್ಲಿ ಅದನ್ನು ಮೇಲಕ್ಕೆ ಒಯ್ಯುತ್ತಾನೆ, ಇಲ್ಲಿ ಎಷ್ಟು ಸ್ವರ ಬೇಕಾದರೂ ಆಗಬಹುದು. ಕೊನೆಯೆರಡರಲ್ಲಿ ಐದನೆಯ ಕಾರ್ಡಿನ ಮೇಲೆ ಇಳಿದು, ಮುಗಿಸದೆ, ಬಾಯಿ ತೆರೆಯಲು ಅವಳಿಗೆ ಜಾಗ ಬಿಟ್ಟು ನಿಲ್ಲುತ್ತಾನೆ. ಅರಿಯದವನು ಅದೇ ಎಂಟು ಬಾರಿನ ಕೊನೆಯಲ್ಲಿ ಷಡ್ಜಕ್ಕೆ ಬಂದು ಪೂರ್ಣವಿರಾಮ ಹಾಕುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಹಾಡುಗಾರ್ತಿ ಮತ್ತೆ ಮೊದಲಿನಿಂದ ಕಾವೇರಿಸಬೇಕು.

ಪೌಲನ ಆಕ್ಷೇಪಕ್ಕೂ ಉತ್ತರ ಇದೇ ದಾರಿಯಲ್ಲಿದೆ. ಮಾತಿಲ್ಲದ ವಾದ್ಯ ಸಭೆಯನ್ನು ಕಟ್ಟುವುದು ಹೇಗೆ? ಮಾತನ್ನು ಸಭೆಯೇ ತರುತ್ತದೆ. ಜಾನ್ಸನ್‌ನ ಆ ಧ್ವನಿಮುದ್ರಣದ ಶೀರ್ಷಿಕೆ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಹಿಮ್ ಒಂದರದು. ಕ್ರಿಸ್ತನ ಕೊನೆಯ ರಾತ್ರಿಯ ಹಾಡು. ಅವನು ಪದ ಬಿಟ್ಟದ್ದು ಪದ ಬಲ್ಲವರ ನಡುವೆ. ಇದನ್ನೇ ಒಂದು ಪರಂಪರೆಯಾಗಿ ಬೆಳೆಸಿದ್ದು ಹೌಸ್ ಆಫ್ ಗಾಡ್ ಚರ್ಚುಗಳ ಸ್ಟೀಲ್ ಗಿಟಾರ್ ವಾದಕರು. ಮೇರಿ ಮ್ಯಾಗ್ಡಲೀನಾ ಟೇಟ್ ಎಂಬಾಕೆ 1903ರಲ್ಲಿ ಹುಟ್ಟುಹಾಕಿದ ಪಂಗಡದ ಕವಲು ಅದು. 1930ರ ದಶಕದಲ್ಲಿ ಟ್ರೋಮನ್ ಈಸನ್ ಹವಾಯಿಯ ವಾದಕನೊಬ್ಬನಿಂದ ಸ್ಟೀಲ್ ಗಿಟಾರ್ ಕಲಿತ. ಅವನ ತಮ್ಮ ವಿಲ್ಲಿ ಈಸನ್ ಒಂದೇ ತಂತಿಯ ಮೇಲೆ ಮನುಷ್ಯ ಕಂಠವನ್ನು ಅನುಕರಿಸುವ ಬಗೆಯನ್ನು ರೂಢಿಗೆ ತಂದ. ತೊಡೆಯ ಮೇಲೆ ಅಥವಾ ಕಾಲಿನ ಸ್ಟ್ಯಾಂಡ್ ಮೇಲೆ ಅಡ್ಡ ಮಲಗಿದ ವಾದ್ಯ, ಎಡಗೈಯಲ್ಲಿ ಉಕ್ಕಿನ ತುಂಡು, ಫ್ರೆಟ್ಟಿನ ತಡೆಯಿಲ್ಲದೆ ಸ್ವರದಿಂದ ಸ್ವರಕ್ಕೆ ಜಾರಿಕೆ. ನಮ್ಮ ಕಿವಿಗೆ ಅದು ತಕ್ಷಣ ಗಮಕವಾಗಿ ಕೇಳುತ್ತದೆ. ಪದದ ಯಾವ ಅಕ್ಷರ ಉದ್ದ, ಯಾವುದು ಗಿಡ್ಡ, ಎಲ್ಲಿ ಹಾಡುವವಳ ಕಂಠ ಒಡೆಯುತ್ತದೆ ಎಂಬುದನ್ನೆಲ್ಲ ಆ ಜಾರಿಕೆ ಹಿಡಿದಿಡುತ್ತದೆ. ಕೂತವರ ತುಟಿ ತಾನಾಗಿ ಅಲುಗುತ್ತದೆ. ಈ ಚರ್ಚುಗಳಲ್ಲಿ ಆರ್ಗನ್‌ನ ಜಾಗದಲ್ಲಿ ಸ್ಟೀಲ್ ಗಿಟಾರೇ ಇರುವುದು. ಆರಾಧನೆಯ ಬಹುಭಾಗ ಮುಂದಾಳತ್ವ ಅದರದೇ, ಹೊತ್ತಿಗೆ ಹೊತ್ತು ಅದು ಮಾತಾಡುತ್ತಲೇ ಇರುತ್ತದೆ. ‘ಕಡಿಮೆ’ ಎಂಬ ಪದಕ್ಕೆ ಅಲ್ಲಿ ಅರ್ಥವೇ ಇಲ್ಲ. ಆದರೂ ವಾದಕನ ಕಣ್ಣು ತನ್ನ ತಂತಿಯ ಮೇಲೆ ಇರುವಷ್ಟೇ ಬೋಧಕನ ಮೇಲೆ, ಕುಣಿಯುವವರ ಮೇಲೆ ಇರಬೇಕಾಗುತ್ತದೆ.

ಎರಡನೆಯ ನಂಬಿಕೆ, ಕಲಿತದ್ದು ಪ್ರದರ್ಶನ, ತಾನಾಗಿ ಬಂದದ್ದು ಭಕ್ತಿ ಎಂಬುದು, ಇದಕ್ಕಿಂತ ಬೇಗ ಕುಸಿಯುತ್ತದೆ. ಪ್ರಸಂಗವನ್ನೇ ತೆಗೆದುಕೊಳ್ಳಿ. ಬರೆದಿಟ್ಟುಕೊಳ್ಳದೆ, ಆತ್ಮಪ್ರೇರಣೆಯಿಂದ, ರಾಗವಾಗಿ ಹೇಳುವ ಪ್ರಸಂಗಗಳನ್ನು ಬ್ರೂಸ್ ರೋಸೆನ್‌ಬರ್ಗ್ ಎಂಬ ಜಾನಪದ ವಿದ್ವಾಂಸ ಅಧ್ಯಯನ ಮಾಡಿ 1970ರಲ್ಲಿ ಪುಸ್ತಕ ಪ್ರಕಟಿಸಿದ. ಮೌಖಿಕ ಮಹಾಕಾವ್ಯದ ಗಾಯಕರಂತೆ ಈ ಬೋಧಕರ ಬಳಿಯೂ ಸಿದ್ಧ ನುಡಿಗಟ್ಟುಗಳ ಒಂದು ಭಂಡಾರವಿದೆ, ಲಯಕ್ಕೆ ಹೊಂದುವಂತೆ ಅವನ್ನು ಆ ಗಳಿಗೆಯಲ್ಲಿ ಹೆಣೆಯುತ್ತಾರೆ ಎಂಬುದು ಅವನಿಗೆ ಕಂಡ ಸಂಗತಿ. ಬೋಧಕರ ಪ್ರಾಮಾಣಿಕತೆಯನ್ನು ಇದು ಅಲ್ಲಗಳೆಯುವುದಿಲ್ಲ. ನುಡಿಗಟ್ಟು ಹಳೆಯದು, ಇವತ್ತು ಇವರಿಗೆ ಇದನ್ನೇ ಹೇಳಬೇಕೆಂಬ ಆಯ್ಕೆ ಹೊಸದು. ಕಲಿತ ಬೋಧಕನ ಬಾಯಲ್ಲಿ ಪವಿತ್ರಾತ್ಮ ಮಾತಾಡಬಹುದಾದರೆ, ಕಲಿತ ಕೈಯಲ್ಲಿ ನುಡಿಯಲಾರದು ಎನ್ನಲು ಯಾವ ಧರ್ಮಶಾಸ್ತ್ರದಲ್ಲೂ ಕಾರಣ ಕಾಣುವುದಿಲ್ಲ. ಕರ್ನಾಟಕ ಸಂಗೀತ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೆರವಲ್‌ನಲ್ಲಿ ಸಾಹಿತ್ಯದ ಒಂದೇ ಸಾಲನ್ನು ಹಿಡಿದು ವಿಸ್ತರಿಸುವವರು ಆ ಸಾಲನ್ನೂ ರಾಗವನ್ನೂ ವರ್ಷಗಟ್ಟಲೆ ಅರಗಿಸಿಕೊಂಡವರು, ಆದರೂ ಅಲ್ಲಿ ಬರುವುದನ್ನು ನಾವು ಮನೋಧರ್ಮವೆಂದೇ ಕರೆಯುತ್ತೇವೆ. ಗಿಟಾರಿನ ವಿಷಯದಲ್ಲಿ ವಾದವನ್ನು ಇನ್ನೂ ಮುಂದೆ ಒಯ್ಯಬಹುದು. ಉತ್ತರ ಕೊಡಬೇಕಾದವನು ಕಲಿಯಬೇಕಾದದ್ದು ಹೆಚ್ಚು. ಬೋಧಕ ಯಾವ ಶ್ರುತಿಗೆ ಏರುತ್ತಾನೋ ಗೊತ್ತಿಲ್ಲ; ಆರ್ಗನ್‌ನವರು ದಾರಿಯಲ್ಲಿ ಯಾವ ಡಿಮಿನಿಷ್ಡ್ ಕಾರ್ಡ್ ತೂರಿಸುತ್ತಾರೋ ಗೊತ್ತಿಲ್ಲ; ಎರಡು-ಐದು-ಒಂದು ಎಂಬ ಕಾರ್ಡ್ ನಡೆ ಹನ್ನೆರಡು ಶ್ರುತಿಗಳಲ್ಲೂ ಬೆರಳಿಗೆ ಬಾರದವನಿಗೆ ತಾನಾಗಿ ಬರುವುದು ತನಗೆ ಗೊತ್ತಿರುವ ಒಂದೇ ಪೆಂಟಟಾನಿಕ್ ಪೆಟ್ಟಿಗೆ. ಸಂದರ್ಭ ಏನೇ ಇರಲಿ, ಅವನು ಅದನ್ನೇ ನುಡಿಸುತ್ತಾನೆ. ಅಭ್ಯಾಸವಿಲ್ಲದ ‘ಹೃದಯ’ ಎಷ್ಟೋ ಸಲ ಅವನ ಸುತ್ತಲೇ ಸುತ್ತುತ್ತದೆ. ಸೋಲ್ ಗಾಯಕ ಡಿ’ಆಂಜೆಲೊನ ‘ವೂಡೂ’ ಆಲ್ಬಮ್‌ನಲ್ಲಿ ಗಿಟಾರ್ ನುಡಿಸಿದ ಸ್ಪ್ಯಾಂಕಿ ಆಲ್ಫರ್ಡ್ ಅದಕ್ಕೂ ಮೊದಲು ಮೈಟಿ ಕ್ಲೌಡ್ಸ್ ಆಫ್ ಜಾಯ್ ಎಂಬ ಗಾಸ್ಪೆಲ್ ತಂಡದಲ್ಲಿ ಪಳಗಿದವನು. ಕಾರ್ಡುಗಳ ನಡುವೆ ಪುಟ್ಟ ಪುಟ್ಟ ಜೋಡಿಸ್ವರಗಳನ್ನು ಇಟ್ಟು ಹಾಡುವವರಿಗೆ ಎಡೆ ಮಾಡಿಕೊಡುವ ಅವನ ಹದ ಅಷ್ಟು ಸಹಜವಾಗಿ ಕೇಳಿಸಲು ಕಾರಣ ಆ ಪಳಗುವಿಕೆ.

ಮೂರನೆಯ ನಂಬಿಕೆಗೆ ಇತಿಹಾಸವೇ ಸಾಕು ಎಂದು ಅನೇಕರು ಭಾವಿಸುತ್ತಾರೆ. ಗಾಸ್ಪೆಲ್ ಹಾಡುಗಳಿಗೆ ಇಂದಿನ ರೂಪ ಕೊಟ್ಟವರಲ್ಲಿ ಪ್ರಮುಖನಾದ ಥಾಮಸ್ ಡಾರ್ಸಿ, 1928ರಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಟ್ಯಾಂಪಾ ರೆಡ್ ಜೊತೆ ಪೋಲಿ ಬ್ಲೂಸ್ ಧ್ವನಿಮುದ್ರಿಸಿ ಹಣ ಮಾಡಿದವನು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡ ಮೇಲೆ ‘ಪ್ರೆಶಸ್ ಲಾರ್ಡ್’ ಬರೆದವನೂ ಅವನೇ. ಗಾಸ್ಪೆಲ್ ತಂಡ ಸ್ಟೇಪಲ್ ಸಿಂಗರ್ಸ್‌ನ ಪಾಪ್ಸ್ ಸ್ಟೇಪಲ್ಸ್ ಮಿಸಿಸಿಪ್ಪಿಯ ಡಾಕರಿ ತೋಟದಲ್ಲಿ ಚಾರ್ಲಿ ಪ್ಯಾಟನ್‌ನಂಥ ಬ್ಲೂಸ್‌ಗಾರರನ್ನು ಕೇಳುತ್ತ ಬೆಳೆದ. ಕರ್ಟಿಸ್ ಮೇಫೀಲ್ಡ್ ಅಜ್ಜಿಯ ಚರ್ಚಿನಲ್ಲಿ ಹಾಡುತ್ತ ಬೆಳೆದು, ಪಿಯಾನೊದ ಕಪ್ಪು ಕೀಲಿಗಳಿಗೆ ಗಿಟಾರನ್ನು ಶ್ರುತಿಮಾಡಿಕೊಂಡು, ಆ ಶ್ರುತಿಯನ್ನು ಸೋಲ್ ಸಂಗೀತಕ್ಕೆ ಒಯ್ದ. ಎರಡೂ ಕಡೆಗೆ ಸಂಚಾರ ಎಂದೂ ನಿಂತಿಲ್ಲ. ಯುರೋಪಿನ ಚರ್ಚುಗಳ ಕತೆಯೂ ಬೇರೆಯಲ್ಲ: ಯಾತನೆಯ ವಾರದಲ್ಲಿ ಪ್ರಪಂಚದ ಅನೇಕ ಚರ್ಚುಗಳು ಗಂಭೀರವಾಗಿ ಹಾಡುವ, ಮುಳ್ಳಿನ ಕಿರೀಟ ತೊಟ್ಟ ಶಿರಸ್ಸಿನ ಆ ಹಿಮ್‌ನ ರಾಗ 1601ರಲ್ಲಿ ಹಾನ್ಸ್ ಲಿಯೊ ಹಾಸ್ಲರ್ ಪ್ರಕಟಿಸಿದ ಪ್ರೇಮಗೀತೆಯದು. ಹಾಗೆಂದು ವಾದ ಇಲ್ಲಿಗೆ ಮುಗಿಯಿತು ಎನ್ನುವುದು ಆತುರ. ಮೂಲ ಎಲ್ಲಿಯದು ಎಂಬುದು ಒಂದು ಪ್ರಶ್ನೆ. ಇವತ್ತು ಇಲ್ಲಿ ಕೂತವರಿಗೆ ಅದು ಏನನ್ನು ನೆನಪಿಸುತ್ತದೆ ಎಂಬುದು ಇನ್ನೊಂದು. ರಾಕ್ ಹಾಡೊಂದರ ಜನಜನಿತ ಲಿಕ್ ಅನ್ನು, ಅಂದರೆ ಪುಟ್ಟ ಸಿದ್ಧ ಸ್ವರಗುಚ್ಛವನ್ನು, ಪ್ರಾರ್ಥನೆಯ ನಡುವೆ ತಂದರೆ ಅರ್ಧ ಸಭೆಯ ಮನಸ್ಸು ಆ ಹಾಡಿಗೆ ಹೋಗುತ್ತದೆ. ಸ್ವರದಲ್ಲಿ ದೋಷವಿಲ್ಲ; ಕೇಳುವವರ ನೆನಪು ಮಾತ್ರ ಸುಳ್ಳಲ್ಲ. ಅಂದರೆ ಇದು ಶುದ್ಧ-ಅಶುದ್ಧದ ವಿಚಾರವಲ್ಲ, ಎದುರಿಗಿರುವವರು ಯಾರು ಎಂಬ ವಿಚಾರ. ಒಂದು ಸಭೆಗೆ ಸಲ್ಲದ್ದು ಪಕ್ಕದ ಬೀದಿಯ ಸಭೆಗೆ ಸಲ್ಲಬಹುದು. ಥಾರ್ಪ್‌ಳನ್ನೇ ಮತ್ತೆ ನೋಡಿ. 1938ರಲ್ಲಿ ಆಕೆ ನ್ಯೂಯಾರ್ಕಿನ ಕಾಟನ್ ಕ್ಲಬ್‌ನಲ್ಲಿ ಹಾಡಿದಾಗ ಚರ್ಚಿನವರಿಗೆ ನೋವಾಯಿತು. 1964ರಲ್ಲಿ ಬ್ರಿಟಿಷ್ ಟೆಲಿವಿಷನ್ನಿಗಾಗಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲು ನಿಲ್ದಾಣವೊಂದರಲ್ಲಿ, ಮಳೆಯಲ್ಲಿ, ಕೋಟು ತೊಟ್ಟು, ಬಿಳಿಯ ಗಿಬ್ಸನ್ ಹೆಗಲಿಗೇರಿಸಿ ನುಡಿಸಿದಾಗ ಎದುರಿನ ಪ್ಲಾಟ್‌ಫಾರಮ್ಮಿನಲ್ಲಿ ಕೂತಿದ್ದವರು ಇಂಗ್ಲೆಂಡಿನ ಹುಡುಗ ಹುಡುಗಿಯರು. ಆ ಸೋಲೋ ಅದ್ಭುತವಾಗಿದೆ. ಅದನ್ನು ಆರಾಧನೆ ಎನ್ನಲು ನಾನು ಹಿಂಜರಿಯುತ್ತೇನೆ. ಕಾರಣ ಸ್ವರಗಳಲ್ಲಿಲ್ಲ, ಅವು ಚರ್ಚಿನಲ್ಲಿ ನುಡಿಸಿದ್ದವೇ. ಹಳಿಯ ಆಚೆಯಿಂದ ಮರಳಿ ಹಾಡುವವರು ಅಲ್ಲಿರಲಿಲ್ಲ.

ಈಗ ನನ್ನ ನಿಲುವಿನ ವಿರುದ್ಧ ಎದ್ದೇಳುವ ದೊಡ್ಡ ಆಕ್ಷೇಪ. ಉತ್ತರ ಬಂತೇ ಎಂಬುದೇ ಒರೆಗಲ್ಲಾದರೆ, ಹೆಚ್ಚು ಕೂಗು ಹುಟ್ಟಿಸಿದವನೇ ಗೆದ್ದಂತಲ್ಲವೇ? ಜನರನ್ನು ಎಬ್ಬಿಸುವ ತಂತ್ರಗಳು ಎಲ್ಲರಿಗೂ ಗೊತ್ತು: ಶ್ರುತಿಯನ್ನು ಅರ್ಧ ಸ್ವರ ಏರಿಸು, ಡ್ರಮ್ಸ್ ನಿಲ್ಲಿಸಿ ಮತ್ತೆ ಬಿಡು, ಮೇಲಿನ ಸ್ವರವನ್ನು ಎಳೆದು ಅಲುಗಾಡಿಸು. ಇಷ್ಟು ಮಾಡಿದರೆ ಕ್ರೀಡಾಂಗಣದಲ್ಲೂ ಜನ ಎದ್ದು ನಿಲ್ಲುತ್ತಾರೆ. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಗಾಸ್ಪೆಲ್ ಚರ್ಚುಗಳ ಒಳಗಿನವರೇ ಇದನ್ನು ಎತ್ತುತ್ತ ಬಂದಿದ್ದಾರೆ. ಆದರೆ ಸಭೆಯ ಉತ್ತರದಲ್ಲಿ ಎರಡು ಬಗೆಗಳಿವೆ, ಅವುಗಳ ವ್ಯತ್ಯಾಸ ಹೊರಗಿನಿಂದಲೇ ಕಾಣುತ್ತದೆ. ಸೋಲೋ ಮುಗಿದ ಕೂಡಲೆ ಸಭೆ ಹಾಡಿಗೆ ಮರಳುತ್ತದೆಯೋ, ವಾದಕನಿಗೆ ಚಪ್ಪಾಳೆ ಹೊಡೆಯಲು ಹಾಡನ್ನು ನಿಲ್ಲಿಸುತ್ತದೆಯೋ? ಕ್ವಾಯರಿನ ಮುಂದಿನ ಪ್ರವೇಶ ಹಿಂದಿನದಕ್ಕಿಂತ ಗಟ್ಟಿಯಾಗಿದೆಯೋ, ತಡವರಿಸಿದೆಯೋ? ಕೂಗಿನ ಗಾತ್ರ ಇದನ್ನು ಹೇಳುವುದಿಲ್ಲ, ಕೂಗಿನ ನಂತರದ ನಾಲ್ಕು ಬಾರ್ ಹೇಳುತ್ತದೆ. ಇಷ್ಟಾದರೂ ವಾದಕನ ಮನಸ್ಸಿನೊಳಗೆ ಏನಿತ್ತೆಂದು ತಿಳಿಯದು ಎನ್ನಬಹುದು. ನಿಜ, ತಿಳಿಯದು. ಒಳಗೊಳಗೇ ಬೀಗುತ್ತಿದ್ದವನ ಸೋಲೋ ಸಭೆಯನ್ನು ಎತ್ತಿ ನಿಲ್ಲಿಸಿರಬಹುದು, ಮಹಾವಿನಯಿಯ ಸೋಲೋ ಹಾಡನ್ನು ಕೆಡಿಸಿರಬಹುದು. ಮನಸ್ಸಿನ ಲೆಕ್ಕ ಇಡುವುದು ದೇವರ ಕೆಲಸವೆಂದು ನಂಬುವವರು ಆ ಲೆಕ್ಕವನ್ನು ಸ್ವರಗಳ ಎಣಿಕೆಯಿಂದ ತಾವೇ ಬಗೆಹರಿಸಲು ಹೊರಡುವುದು ವಿಚಿತ್ರ. ಸಭೆ ತೀರ್ಪು ಕೊಡಬಹುದಾದದ್ದು ಕೇಳಿಸಿದ್ದರ ಬಗ್ಗೆ ಮಾತ್ರ.

ಅಗಸ್ಟೀನ್‌ನ ಅಳುಕು ಉಳಿಯಿತು. ಗಿಟಾರಿನ ವಿರುದ್ಧ ಅವನನ್ನು ಸಾಕ್ಷಿಗೆ ಕರೆಯುವವರು ಒಂದು ಸಂಗತಿ ಮರೆಯುತ್ತಾರೆ: ಅವನು ಕೊರಗಿದ್ದು ಕಂಠದ ಬಗ್ಗೆ, ಕೀರ್ತನೆಗಳನ್ನು ಇಂಪಾಗಿ ಹಾಡುವುದರ ಬಗ್ಗೆ. ಅವನ ತರ್ಕವನ್ನು ಪೂರ್ತಿಯಾಗಿ ಅನ್ವಯಿಸಿದರೆ ಮೊದಲು ಬಾಯಿ ಮುಚ್ಚಬೇಕಾದವರು ಕ್ವಾಯರಿನವರು. ಕಣ್ಣಲ್ಲಿ ನೀರು ತರಿಸುವ ಹಾಡುಗಾರ್ತಿಯಂತೂ ಮೊದಲ ಆರೋಪಿ. ಅವಳನ್ನು ಬಿಟ್ಟು ಪಕ್ಕದಲ್ಲಿ ನಿಂತ ಗಿಟಾರಿನವನನ್ನು ಹಿಡಿಯುವುದು ಪಕ್ಷಪಾತ. ಅಲ್ಲದೆ, ಅಷ್ಟೆಲ್ಲ ತೂಗಿ ನೋಡಿದ ಮೇಲೆ ಆ ಸಂತ ವಾಲಿದ್ದು ಚರ್ಚಿನಲ್ಲಿ ಹಾಡುವ ಪದ್ಧತಿ ಇರಲಿ ಎಂಬ ಕಡೆಗೇ. ಕಿವಿಯ ಸುಖದ ಮೂಲಕ ದುರ್ಬಲ ಮನಸ್ಸೂ ಭಕ್ತಿಯತ್ತ ಏಳಬಹುದೆಂದು ಅವನಿಗನ್ನಿಸಿತು.

ಈ ವಾದದಿಂದ ನುಡಿಸುವವರಿಗೆ ಸಿಗುವುದು ‘ಕಡಿಮೆ ನುಡಿಸು’ ಎಂಬುದಕ್ಕಿಂತ ಕಷ್ಟದ ಕೆಲಸ:

1. ಸೋಲೋ ಶುರುಮಾಡುವ ಮೊದಲ ತುಣುಕು ಈಗಷ್ಟೇ ಕೇಳಿದ ಯಾವುದೋ ಧ್ವನಿಯಿಂದ ಬರಬೇಕು. ಮನೆಯಿಂದ ತಂದ ಲಿಕ್ ಎಷ್ಟೇ ಚೆನ್ನಾಗಿರಲಿ, ಅದು ಎರಡನೆಯ ತುಣುಕಿನ ತನಕ ಕಾಯಲಿ.

2. ಹಾಡಿನ ಪದ ಬಾಯಿಪಾಠ ಇರಬೇಕು. ಗಿಟಾರಿನವರಲ್ಲಿ ಕಾರ್ಡ್ ಗೊತ್ತಿದ್ದು ಪದ ಗೊತ್ತಿಲ್ಲದವರು ಅಚ್ಚರಿಯಾಗುವಷ್ಟು ಜನ ಇದ್ದಾರೆ. ಪದ ಗೊತ್ತಿಲ್ಲದೆ ಉಸಿರು ಎಲ್ಲಿ ಎಂದು ಗೊತ್ತಾಗುವುದಿಲ್ಲ, ಉಸಿರು ಗೊತ್ತಿಲ್ಲದೆ ಜಾಗ ಬಿಡಲಾಗದು.

3. ಮುಗಿಸುವುದನ್ನು ಅಭ್ಯಾಸ ಮಾಡಬೇಕು. ಸೋಲೋದ ನಡುಭಾಗವನ್ನು ಎಲ್ಲರೂ ಮನೆಯಲ್ಲಿ ತಿದ್ದಿ ತೀಡುತ್ತಾರೆ. ಕೊನೆಯೆರಡು ಬಾರ್‌ಗಳನ್ನು ಹನ್ನೆರಡು ಶ್ರುತಿಗಳಲ್ಲಿ ಬೇರೆಯವರ ಕೈಗೆ ದಾಟಿಸುವುದನ್ನು ಕಲಿತವರು ವಿರಳ.

ಇದರಿಂದ ಇನ್ನೊಂದು ತೀರ್ಮಾನವೂ ಹೊರಡುತ್ತದೆ, ಅದು ನಮಗೂ ಸ್ವಲ್ಪ ಸಂಬಂಧಿಸಿದ್ದು. ವಿಡಿಯೊಗಳನ್ನು ನೋಡಿ ಗಾಸ್ಪೆಲ್ ಲಿಕ್ ಕಲಿತ ಹುಡುಗರು ಈಗ ಬೆಂಗಳೂರು, ಮಂಗಳೂರುಗಳ ಚರ್ಚುಗಳಲ್ಲೂ ಇದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜರ್ಮನ್ ರಾಗಗಳಿಗೆ ಕನ್ನಡ ಪದ ಕೂಡಿಸಿ ಬೆಳೆಸಿದ ಗೀತಪರಂಪರೆಯ ಸಭೆಯೊಂದರಲ್ಲಿ ಅವರಲ್ಲೊಬ್ಬ ನಿಂತಿದ್ದಾನೆ ಎಂದುಕೊಳ್ಳಿ. ಅಲ್ಲಿ ವ್ಯಾಂಪ್ ಇಲ್ಲ, ಪ್ರಸಂಗದ ನಡುವೆ ಕೂಗಿ ಉತ್ತರಿಸುವ ರೂಢಿಯಿಲ್ಲ. ನಾಲ್ಕು ಚರಣಗಳನ್ನು ಎಲ್ಲರೂ ಒಟ್ಟಿಗೆ, ಒಂದೇ ನಡೆಯಲ್ಲಿ ಹಾಡಿ ಕೂರುತ್ತಾರೆ. ಗಾಸ್ಪೆಲ್ ಸೋಲೋ ಹುಟ್ಟಿದ ಸರದಿಯೇ ಅಲ್ಲಿಲ್ಲವಾದ್ದರಿಂದ ಆ ಲಿಕ್‌ಗಳನ್ನು ಎಷ್ಟು ಕಡಿಮೆ ನುಡಿಸಿದರೂ ಅವು ಅಂಟಿಸಿದಂತೆಯೇ ಕೇಳುತ್ತವೆ. ಹಿರಿಯರು ಆಗಲೂ ‘ಕಡಿಮೆ ಮಾಡು’ ಎನ್ನುತ್ತಾರೆ, ಅವನು ಕಡಿಮೆ ಮಾಡುತ್ತಾನೆ, ಏನೂ ಸರಿಹೋಗುವುದಿಲ್ಲ. ಅವನಿಗೆ ಅಲ್ಲಿರುವ ಜಾಗ ಮೂರನೆಯ ಚರಣಕ್ಕೂ ನಾಲ್ಕನೆಯದಕ್ಕೂ ನಡುವಿನದು. ಆರ್ಗನ್‌ನವರ ಜೊತೆ ಮೊದಲೇ ಮಾತಾಡಿಕೊಂಡು, ಕೊನೆಯ ಸಾಲಿನ ರಾಗವನ್ನು ಒಂದು ಸುತ್ತು ನುಡಿಸಿ, ಹಿಂದಿನ ಬೆಂಚಿನ ಅಜ್ಜಿಗೂ ಎಲ್ಲಿ ಎತ್ತಿಕೊಳ್ಳಬೇಕೆಂದು ಗೊತ್ತಾಗುವಂತೆ ಬಿಡಬಹುದು. ಅಷ್ಟರೊಳಗೆ ಅವನು ಹತ್ತು ಸ್ವರ ನುಡಿಸುತ್ತಾನೋ ನಲವತ್ತೋ ಎಂಬುದನ್ನು ಅವನಿಗೇ ಬಿಡಿ.